ಆರನೆಯ ಪಕ್ಕೆಲುಬು

ಬನವಾಸಿಯ ಬಟ್ಟೆ ವ್ಯಾಪಾರಿ ಚನ್ನಯ್ಯನವರ ಎಡಗಡೆಯ ಆರನೆಯ ಪಕ್ಕೆಲುಬು ಹುಬ್ಬಳ್ಳಿಯ ಸ್ಕ್ಯಾನಿನಲ್ಲಿ ಮಿಣುಕಿತು. ವರದಿ ಬೆಳಿಗ್ಗೆ ಎಂಟಕ್ಕೆ ಮೊಬೈಲಿಗೆ ಬಂತು. ಎಂಟೂಕಾಲಿಗೆ ಇಡೀ ಓಣಿಗೆ ಗೊತ್ತಾಯಿತು. ಯಾಕೆಂದರೆ ಅದನ್ನು ಓದಿ ಹೇಳಿದವರು ಪಕ್ಕದ ಮನೆಯ ನಿವೃತ್ತ ನರ್ಸ್ ಮುರಿಗೆವ್ವ. ಅವರ ಪಿಸುಮಾತೂ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ.

“ಮೂರು ವರ್ಷದ ಹಿಂದ ಪ್ರಾಸ್ಟೇಟ್ ಗಡ್ಡಿ ತೆಗಿಸಿದ್ರಿ. ಈಗ ರಕ್ತದಾಗ ಪಿಎಸ್‌ಎ, ಅಂದ್ರ ಆ ಕ್ಯಾನ್ಸರಿನ ಗುರುತು, ಮತ್ತ ಏರೇತಿ. ಕ್ಯಾನ್ಸರ್ ಎಲ್ಲಿ ಹೋಗಿ ಕುಂತೇತಿ ಅಂತ ನೋಡಾಕ ಈ ಸ್ಕ್ಯಾನು. ಎಲುಬಿಗೆ ಹಬ್ಬಿರಬಹುದು ಅಂತ ಬರದಾರ!”

ಹೆಂಡತಿ ದಾಕ್ಷಾಯಿಣಿ ಅಲ್ಲೇ ಕುಸಿದು ಕೂತರು. ಚನ್ನಯ್ಯನವರೂ ಹೆದರಿದರು. ಆದರೆ ಯಾವ ಎಲುಬೆಂದು ಗೊತ್ತಾದ ಕೂಡಲೇ ಅವರಿಗೆ ಬೇರೊಂದು ಭಯ ಹಿಡಿಯಿತು.

ಆರು ವಾರದ ಹಿಂದೆ, ಹೋಳಿಯ ಹೊತ್ತಿಗೆ, ಶಿರಸಿಯಲ್ಲಿ ಬೇಡರ ವೇಷದ ಕುಣಿತವಿತ್ತು. ಆವೇಶದಿಂದ ಕುಣಿಯುವ ಬೇಡನ ಸೊಂಟಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ಇಬ್ಬರು ಜಗ್ಗಿ ಹಿಡಿಯಬೇಕು. ಪ್ರಾಯದಲ್ಲಿ ಆ ಕೆಲಸಕ್ಕೆ ಚನ್ನಯ್ಯನವರೇ ಬೇಕಾಗಿತ್ತು. ಆಪರೇಷನ್ ಆದಮೇಲೆ ದಾಕ್ಷಾಯಿಣಿ, ಇನ್ನು ಹಗ್ಗ ಹಿಡಿಯುವುದಿಲ್ಲವೆಂದು ಕೊರಳಿನ ಲಿಂಗ ಮುಟ್ಟಿಸಿ ಆಣೆ ಮಾಡಿಸಿದ್ದರು. ಆದರೂ ಈ ಸಲ ಹೆಂಡತಿಗೆ ‘ಸಿದ್ದಾಪುರದಾಗ ವ್ಯಾಪಾರಿಗಳ ಸಭೆ’ ಎಂದು ಹೇಳಿ ಹೋಗಿ ಹಗ್ಗ ಹಿಡಿದರು. ಬೇಡ ಒಮ್ಮೆ ನೆಗೆದ. ಅರವತ್ತೈದರ ಚನ್ನಯ್ಯನವರ ಎಡಪಕ್ಕೆ ಅಂಗಡಿಯೊಂದರ ಕಟ್ಟೆಯ ಅಂಚಿಗೆ ಹೋಗಿ ಬಡಿಯಿತು. ಟೆಂಪೋದಲ್ಲಿ ಊರಿಗೆ ತಂದಿಳಿಸಿದ ನೂರ್ ಅಹ್ಮದ್ ಒಬ್ಬನಿಗೇ ಈ ವಿಷಯ ಗೊತ್ತು.

ಈಗ ಮನೆ ತುಂಬ ಜನ. ಬಂದವರೆಲ್ಲ “ಇಲ್ಲೇನ್ರೀ?” ಎಂದು ಪಕ್ಕೆ ಒತ್ತುವವರೇ. ಒತ್ತಿದಾಗಲೆಲ್ಲ ಚನ್ನಯ್ಯ “ಅಯ್ಯಯ್ಯೋ!” ಎನ್ನುವರು.

“ನೋಡ್ರಿ, ಮುಟ್ಟಾಕೂ ಕೊಡವಲ್ದು. ಭಾಳ ಜೋರ್ ಐತಿ,” ಎಂದು ಮುರಿಗೆವ್ವ ಇನ್ನೊಮ್ಮೆ ಒತ್ತಿ ಖಾತ್ರಿ ಮಾಡಿಕೊಂಡರು.

ಮಧ್ಯಾಹ್ನ ನೂರ್ ಅಹ್ಮದನ ಟೆಂಪೋ ಶಿರಸಿಗೆ ಹೊರಟಿತು. ವಾರಕ್ಕೊಮ್ಮೆ ಅಲ್ಲಿಗೆ ಕ್ಯಾನ್ಸರ್ ಡಾಕ್ಟರ್ ಶೈಲಾ ಬರುತ್ತಾರೆ. ದಾಕ್ಷಾಯಿಣಿ ದಾರಿಯುದ್ದಕ್ಕೂ ಗಂಡನ ಕೈ ಬಿಡಲಿಲ್ಲ. ಅದರಿಂದ ಚನ್ನಯ್ಯನವರಿಗೆ ಹೇಳುವುದು ಇನ್ನಷ್ಟು ಕಷ್ಟವಾಯಿತು.

“ಎಲ್ಲಾದರೂ ಬಿದ್ದಿದ್ರಾ?” ಡಾಕ್ಟರು ಕೇಳಿದರು.

“ಇಲ್ರೀ,” ಎಂದರು ಚನ್ನಯ್ಯ, ಹೆಂಡತಿಯ ಮುಖ ನೋಡಿ.

“ಹಾಗಾದರೆ ಎಲುಬಿಗೆ ಬಂದಿದೆ ಅಂತಲೇ ತಿಳಿಯಬೇಕು. ಹಾರ್ಮೋನ್ ಇಂಜೆಕ್ಷನ್ ಶುರು ಮಾಡೋಣ. ಮೂರು ತಿಂಗಳಿಗೊಮ್ಮೆ. ಬಹುಶಃ ಜೀವನಪೂರ್ತಿ.”

ಬಾಗಿಲಲ್ಲಿ ನಿಂತಿದ್ದ ನೂರ್ ಅಹ್ಮದನಿಗೆ ತಡೆಯಲಾಗಲಿಲ್ಲ. “ಚನ್ನಯ್ಯನೋರೇ, ಹೇಳಿಬಿಡ್ರಿ. ಖುದಾ ನೋಡ್ತಾನೆ!”

ಚನ್ನಯ್ಯ ಕಣ್ಣು ಮುಚ್ಚಿಕೊಂಡು ಬೇಡ, ಹಗ್ಗ, ಕಟ್ಟೆ, ಆಣೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಕಣ್ಣು ತೆರೆದಾಗ ದಾಕ್ಷಾಯಿಣಿ ಕೈ ಬಿಟ್ಟಿದ್ದರು.

ಡಾಕ್ಟರು ಚಿತ್ರವನ್ನು ಹಿಗ್ಗಿಸಿ ನೋಡಿದರು. “ಹೌದು, ಸಣ್ಣ ಬಿರುಕು ಇದೆ. ಮುರಿದು ಕೂಡಿಕೊಳ್ಳೋ ಎಲುಬೂ ಈ ಸ್ಕ್ಯಾನಿನಲ್ಲಿ ಹೀಗೇ ಹೊಳೆಯುತ್ತೆ. ಇದು ಕ್ಯಾನ್ಸರ್ ಅಲ್ಲ.”

“ಹಂಗಾರ ನನಗೇನೂ ಇಲ್ಲ!” ಚನ್ನಯ್ಯ ಎದ್ದೇ ನಿಂತರು.

“ಕೂತ್ಕೊಳ್ಳಿ. ಪಿಎಸ್‌ಎ ಏರಿದೆಯಲ್ಲ, ಎಲ್ಲೋ ಇದೆ, ಬಹುಶಃ ಆಪರೇಷನ್ ಆದ ಜಾಗದಲ್ಲೇ. ಇಷ್ಟು ಸಣ್ಣದಿದ್ದಾಗ ಈ ಸ್ಕ್ಯಾನಿಗೂ ಎಷ್ಟೋ ಸಲ ಕಾಣೋದಿಲ್ಲ.”

ಅಷ್ಟು ದೊಡ್ಡ ಯಂತ್ರ ರೋಗವನ್ನು ಬಿಟ್ಟು ಸುಳ್ಳನ್ನು ಹಿಡಿದಿತ್ತು.

“ಆ ಜಾಗಕ್ಕೆ ಕಿರಣ ಚಿಕಿತ್ಸೆ ಕೊಡಿಸೋಣ,” ಡಾಕ್ಟರು ಮುಂದುವರಿಸಿದರು. “ಗುಣವಾಗೋ ಅವಕಾಶ ಚೆನ್ನಾಗಿದೆ. ಆದರೆ ಹುಬ್ಬಳ್ಳಿಗೆ ಮೂವತ್ತಮೂರು ಸಲ ಹೋಗಿಬರಬೇಕು. ಜೊತೆಗೆ ಯಾರಿದ್ದಾರೆ?”

“ನಾ ಇದ್ದೀನ್ರಿ,” ಎಂದರು ದಾಕ್ಷಾಯಿಣಿ. ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದರು. “ಬಸ್ಸಿನಾಗ ಹೋಗ್ತ ಮೂರು ತಾಸು, ಬರ್ತ ಮೂರು ತಾಸು. ಮದುವಿ ಆದ ವರ್ಷದಿಂದ ಶುರು ಮಾಡ್ರಿ. ಎಲ್ಲೆಲ್ಲಿ ಹೋಗಿದ್ರಿ, ನನಗ ಏನೇನು ಹೇಳಿದ್ರಿ, ಒಂದೂ ಬಿಡಬ್ಯಾಡ್ರಿ. ಭಾಳ ಟೈಮ್ ಐತಿ.”