ಬದಲಿ ಹಲಗೆ

ಒದ್ದೆ ಕಂಬಳಿಯನ್ನು ಒಲೆಯ ಮುಂದೆ ಹರವಿದರೆ ಒಂದು ವಾಸನೆ ಏಳುತ್ತದೆ. ಅರ್ಧ ಹೊಗೆ, ಅರ್ಧ ಕುರಿ. ಚೀಟಿರಾಯರು ಚಿಕ್ಕವರಿದ್ದಾಗ, ತಾತ ಕಣಿವೆ ದಾಟಿ ಮನೆಗೆ ಬಂದ ಸಂಜೆಗಳಲ್ಲೆಲ್ಲ ಮನೆ ತುಂಬ ಅದೇ ವಾಸನೆ. ಐವತ್ತು ವರ್ಷ ಕಳೆದ ಮೇಲೂ ಅದು ಮೂಗಿಗೆ ಬಡಿದರೆ ಸಾಕು, ಕೈಯಲ್ಲಿದ್ದ ಕೆಲಸ ಕೈಯಲ್ಲೇ ಉಳಿದು ರಾಯರ ಮನಸ್ಸು ಮಾತ್ರ ಗುಡ್ಡ ಹತ್ತಿಬಿಡುತ್ತಿತ್ತು. ಅವರಿಗೆ ಬಂದ ಫಜೀತಿಗೆ ಆ ವಾಸನೆಯೇ ಮೂಲ.

ರಾಯರು ಬೆಟ್ಟಸೀಮೆಯ ದಾಖಲೆ ಕೋಣೆಯ ಪಾಲಕರು. ಹಳೆಯ ನಕ್ಷೆಗಳು, ಹುಲ್ಲುಗಾವಲಿನ ಜಗಳದ ತೀರ್ಪುಗಳು, ಯಾವ ವರ್ಷ ಯಾವ ಸೇತುವೆ ಕೊಚ್ಚಿಹೋಯಿತೆಂಬ ವರದಿಗಳು, ಎಲ್ಲವೂ ಅವರ ಸುಪರ್ದಿನಲ್ಲಿದ್ದವು. ಅವುಗಳಲ್ಲಿ ತೀರ ಹಳೆಯದು ‘ಕಣಿವೆ ಪುಸ್ತಕ’. ಬೆಟ್ಟದ ನೆತ್ತಿಯ ಕಣಿವೆ ದಾರಿಯಲ್ಲಿ ಹಿಂದೆ ಒಂದು ಗುಡಿಸಲಿತ್ತಂತೆ. ಅದನ್ನು ಕಾಯುತ್ತಿದ್ದವನು ಅತ್ತಿತ್ತ ದಾಟಿದವರನ್ನೆಲ್ಲ ದಿನವೂ ಅದರಲ್ಲಿ ಬರೆದಿಟ್ಟಿದ್ದ. ‘ಇಂದು ಮೂವರು, ಒಂದು ಹೇಸರಗತ್ತೆ.’ ‘ಇಂದು ಯಾರೂ ಇಲ್ಲ. ಮಂಜು ಬಂತು, ಸ್ವಲ್ಪ ಹೊತ್ತು ಕೂತು ಹೋಯಿತು.’ ನಲವತ್ತು ವರ್ಷ ಒಲೆಯ ಪಕ್ಕದಲ್ಲಿ ಮಲಗಿದ್ದ ಪುಸ್ತಕ. ತೆರೆದರೆ ಅದೇ ವಾಸನೆ ಎದ್ದು, ತಾತ ಬಂದಂತಾಗುತ್ತಿತ್ತು.

ದಾಖಲೆ ಕೋಣೆಗೊಂದು ನಿಯಮವಿದೆ. ಕಪಾಟಿನಿಂದ ಯಾವುದನ್ನೇ ತೆಗೆದರೂ ಅದರ ಜಾಗದಲ್ಲಿ ಒಂದು ಬದಲಿ ಹಲಗೆ ನಿಲ್ಲಿಸಬೇಕು. ಏನು ಹೋಯಿತು, ಎಲ್ಲಿಗೆ ಹೋಯಿತು, ಯಾವ ವೇಳೆಗೆ, ವಾಪಸು ಯಾವಾಗ ಎಂದು ಅದರ ಮೇಲೆ ಬರೆಯಬೇಕು. ರಾಯರು ಇದನ್ನು ಕಚೇರಿಯಲ್ಲೇ ಬಿಟ್ಟು ಬರಲಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿ ಜಾಗ ಬಿಟ್ಟರೂ ಅಲ್ಲೊಂದು ಚೀಟಿ ಇರಬೇಕು. ಬೀದಿಯವರಿಗೂ ಹೇಳಿ ಹೇಳಿ ಅಭ್ಯಾಸ ಮಾಡಿಸಿದ್ದರು. ಚೀಟಿರಾಯರೆಂಬ ಹೆಸರು ಬಂದದ್ದೇ ಹಾಗೆ. ಹೋದ ವಾರ ಹೆಂಡತಿ ತನ್ನ ತಾಯಿಯನ್ನು ಮನೆಯಲ್ಲಿ ಬಿಟ್ಟು ಊರಿಗೆ ಹೊರಟಾಗ ಅವಳ ದಿಂಬಿನ ಮೇಲೂ ಚೀಟಿಯಿತ್ತು: ‘ಹೆಂಡತಿ. ಅಕ್ಕನ ಮನೆ. ಸೋಮವಾರ ವಾಪಸು.’

ಫಜೀತಿಯ ಹಿಂದಿನ ಸಂಜೆ ಆದದ್ದಿಷ್ಟು. ಕಚೇರಿ ಮುಚ್ಚುವ ಗಂಟೆ ಬಾರಿಸಿದಾಗ ರಾಯರು ಕಣಿವೆ ಪುಸ್ತಕದ ಒಂದು ಪುಟದ ಕೊನೆಯ ಸಾಲಿನಲ್ಲಿದ್ದರು: ‘ಹದಿನೇಳನೆಯ ದಿನವೂ ಹಿಮ. ಕೆಳಗಿನಿಂದ ಯಾರೋ ಕೂಗಿದ ಹಾಗಾಯಿತು. ಲಾಂದ್ರ ಹಿಡಿದು ಹೊರಟಿದ್ದೇನೆ.’ ಇಂಥ ಕಡೆ ಪುಸ್ತಕ ಮುಚ್ಚುವುದು ಹೇಗೆ? ದಾಖಲೆಯನ್ನು ಮನೆಗೆ ಒಯ್ಯಕೂಡದು. ಹಿಂದಿನ ಪಾಲಕರು ಒಂದೇ ಒಂದು ನಕ್ಷೆ ಕಳೆದು ಬಯಲಿನ ಕಚೇರಿಗೆ ವರ್ಗವಾಗಿ ಹೋಗಿದ್ದರು. ರಾಯರು ಒಮ್ಮೆ ಬಯಲಿಗೆ ಹೋಗಿ ನೋಡಿದ್ದರು. ಅಲ್ಲಿ ಕಣ್ಣಿಗೆ ಒರಗಿಕೊಳ್ಳಲು ಒಂದು ದಿಬ್ಬವೂ ಇರಲಿಲ್ಲ. ಆದರೂ ಕೋಟಿನೊಳಗೆ ಪುಸ್ತಕ ಸೇರಿಸಿಯೇಬಿಟ್ಟರು. ಹೊರಡುವ ಮುನ್ನ ಖಾಲಿ ಜಾಗದಲ್ಲಿ ಹಲಗೆ ನಿಲ್ಲಿಸಿ, ದುಂಡಗಿನ ಅಕ್ಷರದಲ್ಲಿ ತಮ್ಮ ಹೆಸರನ್ನೂ ವೇಳೆಯನ್ನೂ ಬರೆದರು. ಕದ್ದದ್ದಕ್ಕೆ ರಸೀದಿ ಬಿಟ್ಟುಹೋದ ಕಳ್ಳ ಅವರೊಬ್ಬರೇ ಇರಬೇಕು.

ಮನೆಯಲ್ಲಿ ಹಾಸಿಗೆ ಸೇರಿ ಪುಸ್ತಕ ತೆರೆದರು. ವಾಸನೆ ಎದ್ದಿತು. ಪುಟ ತಿರುವುವ ಮೊದಲೇ ಕಣ್ಣು ಮುಚ್ಚಿ, ರಾತ್ರಿಯೆಲ್ಲ ಕನಸಿನ ಹಿಮದಲ್ಲಿ ಯಾರದೋ ಲಾಂದ್ರದ ಹಿಂದೆ ನಡೆದರು. ಎದ್ದಾಗ ಬಿಸಿಲು ಮಂಚದ ಕಾಲಿಗೆ ಬಂದಿತ್ತು. ಎದೆಯ ಮೇಲೆ ಪುಸ್ತಕದ ಬದಲು ತರಕಾರಿ ಹೆಚ್ಚುವ ಮಣೆಯಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ: ‘ದಪ್ಪ ಪುಸ್ತಕ. ಮಹಡಿ ಮನೆ ದರ್ಜಿ. ಏಳೂವರೆ.’

“ಅತ್ತೆ, ಇದೇನಿದು?”

“ಕಾಲರ್‌ಗೆ ಅಂಟು ಹಾಕಿದ್ದೀನಿ, ಮೇಲಿಡೋಕೆ ಭಾರದ್ದೇನಾದ್ರೂ ಕೊಡಿ ಅಂದ. ನಿಮ್ಮನ್ನ ಎಬ್ಬಿಸೋದು ಯಾಕೆ ಅಂತ ಮೆಲ್ಲಗೆ ಎತ್ತಿ ಕೊಟ್ಟೆ,” ಎಂದರು ಅತ್ತೆ. “ಚೀಟಿ ಇಟ್ಟಿದ್ದೀನಲ್ಲ.”

ಅಷ್ಟರಲ್ಲಿ ಕಚೇರಿಯ ಜವಾನನ ಫೋನು. ಮುಂದಿನ ವಾರ ಬರಬೇಕಾದ ತನಿಖಾಧಿಕಾರಿ ಇವತ್ತೇ ಬಂದಿದ್ದಾರೆ, ಕಪಾಟು ಒಂದೊಂದಾಗಿ ನೋಡುತ್ತಿದ್ದಾರೆ ಎಂದ. ರಾಯರಿಗೆ ಬಯಲು ಕಣ್ಣಿಗೆ ಕಟ್ಟಿತು. ಊಟದ ಡಬ್ಬಿಯನ್ನೂ ಮರೆತು, ಕೋಟಿಗೆ ಕೈ ತೂರಿಸುತ್ತ ಮೆಟ್ಟಿಲು ಹತ್ತಿದರು.

ದರ್ಜಿಯ ಮೇಜಿನ ಮೇಲೆ ಕಾಲರಿತ್ತು, ಪುಸ್ತಕವಿರಲಿಲ್ಲ. ಭಾರ ಇಡುವ ಮುನ್ನ ಆತ ಒಂದು ಪುಟ ಓದಿದ್ದ. ಅಲ್ಲಿ ಮೂಲೆಯಂಗಡಿ ಕ್ಷೌರಿಕನ ಮುತ್ತಜ್ಜ, ಮೇಕೆಯೊಂದಿಗೆ ಊರೂರು ತಿರುಗುತ್ತಿದ್ದನೆಂದು ಬೀದಿಗೆಲ್ಲ ಗೊತ್ತಿದ್ದವನು, ಕಾಣಿಸಿದ್ದ. ಅಂಥ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡು ಬಟ್ಟೆ ಹೊಲಿಯುವುದು ಹೇಗೆ? ಹೋಗಿ ಕ್ಷೌರಿಕನಿಗೇ ಪುಸ್ತಕ ಕೊಟ್ಟು ಬಂದಿದ್ದ. ರಾಯರು ತಿರುಗಿ ಓಡುವುದರೊಳಗೆ ಅವರ ತೋಳಿನ ಹೊಲಿಗೆ ಬಿಟ್ಟಿರುವುದು ಅವನ ಕಣ್ಣಿಗೆ ಬಿತ್ತು. “ಹೀಗೇ ಹೋಗ್ತೀರಾ ಸಾರ್? ನಾಲ್ಕು ಹೊಲಿಗೆ ಅಷ್ಟೆ,” ಎಂದು ಕೋಟನ್ನು ಬಿಚ್ಚಿಸಿಕೊಂಡೇಬಿಟ್ಟ. ಕೋಟು ಹೋದ ಜಾಗಕ್ಕೆಂದು ಅಂಗಿಯ ಜೇಬಿನಲ್ಲಿ ಒಂದು ಬಟ್ಟೆಚೂರು ಸಿಕ್ಕಿಸಿದ: ‘ಕೋಟು. ನನ್ನ ಹತ್ತಿರ. ಸಂಜೆ ವಾಪಸು.’

ಕ್ಷೌರಿಕ ಇವರನ್ನು ಕಂಡವನೇ ಎರಡೂ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ಅವನ ಕಣ್ಣು ತುಂಬಿತ್ತು. ಆ ಸಾಲುಗಳು ಅವನಿಗೆ ಬಾಯಿಪಾಠವಾಗಿಹೋಗಿದ್ದವು. “‘ಇಂದು ಒಬ್ಬ ಕ್ಷೌರಿಕ, ಒಂದು ಮೇಕೆ. ನನ್ನ ಗಡ್ಡ ತೆಗೆದ. ಏನು ಕೊಡಲಿ ಎಂದರೆ ಮೇಕೆಗೆ ಹುಲ್ಲು ಕೊಡು ಎಂದ.’ ನೋಡಿ ಸಾರ್, ನಮ್ಮ ಮುತ್ತಜ್ಜ ಎಂಥವನು. ನೀವು ಇಷ್ಟು ದಿನ ಅವನನ್ನ ಜೋಪಾನವಾಗಿ ಇಟ್ಟಿದ್ರಿ. ಇವತ್ತು ನಿಮ್ಮ ಗಡ್ಡಾನ ನಾನು ಬಿಡಲ್ಲ.”

ಬೇಡವೆನ್ನುವಷ್ಟರಲ್ಲಿ ಕೆನ್ನೆಯ ಮೇಲೆ ನೊರೆ ಬಿತ್ತು. ಬಿಸಿನೀರಿನ ಹಬೆಗೆ ಕನ್ನಡಿ ಮಸುಕಾಯಿತು. ಆ ಮಸುಕಿನಲ್ಲಿ ರಾಯರಿಗೆ ಮಂಜು ಕಂಡಿತು, ಮಂಜಿನಲ್ಲಿ ಮೇಕೆಯೊಂದು ಹುಲ್ಲು ತಿನ್ನುತ್ತಿರುವುದು ಕಂಡಿತು. ಎಡಗೆನ್ನೆ ಮುಗಿಯುವವರೆಗೂ ಹಾಗೇ ಕೂತಿದ್ದರು. ಆಮೇಲೆ ಹಬೆಯಿಳಿದು, ಕನ್ನಡಿಯ ಮೂಲೆಯಲ್ಲಿ ಸೋಪಿನಲ್ಲಿ ಬರೆದದ್ದು ಮೂಡಿತು: ‘ದಪ್ಪ ಪುಸ್ತಕ. ಟೀಚರಮ್ಮ. ಒಂಬತ್ತೂವರೆ.’ ಬಲಗೆನ್ನೆಯ ನೊರೆಯೊಂದಿಗೇ ರಾಯರು ಬೀದಿಗೆ ಹಾರಿದರು.

ಟೀಚರಮ್ಮನವರು ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು. ತಿದ್ದುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ. ಮುತ್ತಜ್ಜನ ಸಾಲುಗಳನ್ನು ಅವರೂ ಓದಲೆಂದು ಕ್ಷೌರಿಕ ಪುಸ್ತಕ ಕೊಟ್ಟಿದ್ದ. ಅವರ ಬಾಗಿಲಿಗೆ ಬೀಗ. ಬೀಗಕ್ಕೆ ಸ್ಲೇಟೊಂದು ತೂಗುತ್ತಿತ್ತು: ‘ದಪ್ಪ ಪುಸ್ತಕ ಅಲ್ಲ, ಕಣಿವೆ ಪುಸ್ತಕ. ಅದರ ಜೊತೆ ನಾನೂ. ದಾಖಲೆ ಕೋಣೆ. ಹತ್ತು ಗಂಟೆ.’

ಕಚೇರಿ ತಲುಪಿದಾಗ ರಾಯರ ಮೈಮೇಲೆ ಕೋಟಿಲ್ಲ, ಅರ್ಧ ಮುಖಕ್ಕೆ ಹಿಮ ಸುರಿದಂತೆ ನೊರೆ. ಒಳಗೆ ತನಿಖಾಧಿಕಾರಿಯೂ ಟೀಚರಮ್ಮನೂ ಚಹಾ ಕುಡಿಯುತ್ತ ಕೂತಿದ್ದರು. ರಾಯರ ಕಣ್ಣು ಮೊದಲು ಹೋದದ್ದು ಕಪಾಟಿಗೆ. ಕಣಿವೆ ಪುಸ್ತಕ ತನ್ನ ಜಾಗದಲ್ಲಿ, ಏನೂ ಆಗಿಲ್ಲವೆಂಬಂತೆ ಕೂತಿತ್ತು. ಅಲ್ಲಿಟ್ಟಿದ್ದ ಹಲಗೆ ಮಾತ್ರ ಕಾಣಲಿಲ್ಲ.

“ದಾಖಲೇನ ಮನೆಗೆ ಹೊತ್ಕೊಂಡು ಹೋದವರನ್ನ ಬೇಕಾದಷ್ಟು ನೋಡಿದ್ದೀನಿ,” ಎಂದರು ತನಿಖಾಧಿಕಾರಿ. “ಹೆಸರು ಬರೆದಿಟ್ಟು ಹೋದವರನ್ನ ಇವತ್ತೇ ನೋಡಿದ್ದು.”

“ತಪ್ಪಾಯ್ತು ಮೇಡಂ.”

“ತಪ್ಪೇ. ಆದ್ರೆ ಮೂರು ಮನೆ ಸುತ್ತಿದ್ರೂ ಒಂದು ಹಾಳೆ ಹೋಗಿಲ್ಲ. ಟೀಚರಮ್ಮ ಎಲ್ಲ ಹೇಳಿದ್ರು. ಇಡೀ ಬೀದಿಗೆ ಚೀಟಿ ಇಡೋದು ಕಲಿಸಿದ್ದೀರಂತಲ್ಲ. ಕೆಲವು ಕಚೇರೀಲಿ ಒಳಗಿಟ್ಟ ಕಾಗದ ಒಳಗೇ ಕಳೆದುಹೋಗುತ್ತೆ, ಗೊತ್ತಾ?”

ಟೀಚರಮ್ಮ ಹೆಮ್ಮೆಯಿಂದ ತಲೆದೂಗಿದರು. ರಾಯರ ಎದೆಯಿಂದ ಬೆಟ್ಟವೇ ಇಳಿದಂತಾಯಿತು. ಕೂರೋಣವೆಂದು ಮೂವತ್ತು ವರ್ಷದ ತಮ್ಮ ಕುರ್ಚಿಯನ್ನು ಎಳೆದರು.

ಕುರ್ಚಿಯ ಮೇಲೆ ಬದಲಿ ಹಲಗೆ ನಿಂತಿತ್ತು. ಅವರದೇ ಹಲಗೆ. ಹಳೆಯದನ್ನು ಒರೆಸಿ ಹೊಸದಾಗಿ ಬರೆಯಲಾಗಿತ್ತು: ‘ದಾಖಲೆಪಾಲಕರು. ಬಯಲಿನ ಕಚೇರಿ. ಮುಂದಿನ ಒಂದನೇ ತಾರೀಕು.’ ವಾಪಸಿನ ಜಾಗ ಖಾಲಿಯಿತ್ತು.

“ಶಿಕ್ಷೆ ಅಂದ್ಕೋಬೇಡಿ,” ಎಂದರು ತನಿಖಾಧಿಕಾರಿ ಅಕ್ಕರೆಯಿಂದಲೇ. “ಅಲ್ಲಿಯವರಿಗೂ ನಿಮ್ಮಂಥವರೊಬ್ಬರು ಕಲಿಸಬೇಕು. ನಿಮ್ಮ ನಿಯಮದ ಪ್ರಕಾರಾನೇ ತುಂಬಿದ್ದೀನಿ, ಸರಿಯಾಗಿದೆಯಾ?”

ರಾಯರು ಹಲಗೆಯನ್ನು ಎರಡು ಸಲ ಓದಿದರು. ಬಾಯಿಗೆ ಬರಬೇಕಾದ ಮಾತುಗಳು ಬೇಕಾದಷ್ಟಿದ್ದವು. ಬಂದದ್ದು ಅಭ್ಯಾಸದ ಮಾತೊಂದೇ. “ವೇಳೆ ಬರೆದಿಲ್ಲ, ಮೇಡಂ.”

“ಅಯ್ಯೋ ಹೌದು,” ಎಂದು ಅವರು ಸೀಮೆಸುಣ್ಣ ತೆಗೆದು ಬರೆದರು: ‘ಬೆಳಗ್ಗೆ ಹತ್ತು.’

ಎಲ್ಲರೂ ಹೋದ ಮೇಲೆ ಕೋಣೆ ಮೊದಲಿನಂತೆ ನಿಶ್ಶಬ್ದವಾಯಿತು. ಕಿಟಕಿಯಾಚೆ ಬೆಟ್ಟ ಮಧ್ಯಾಹ್ನದ ಮಂಜನ್ನು ಹೊದೆಯುತ್ತಿತ್ತು. ಹಲಗೆಯನ್ನು ಕುರ್ಚಿಯಿಂದ ಎತ್ತಲು ಮನಸ್ಸು ಬಾರದೆ, ರಾಯರು ಕಪಾಟಿನ ಬುಡದಲ್ಲಿ ನೆಲದ ಮೇಲೆ ಕೂತು ಪುಸ್ತಕ ತೆರೆದರು. ತಾತನ ವಾಸನೆ ಬಂತು. ಉಳಿದಿದ್ದ ಆ ಪುಟವನ್ನು ತಿರುವಿದರು.

‘ಕೂಗಿದ್ದು ಹೇಸರಗತ್ತೆ. ಹಿಂದೆ ಅದರ ಯಜಮಾನನೂ ಇದ್ದ, ಅಳುತ್ತಿದ್ದ. ಏನೂ ಕೇಳಲಿಲ್ಲ. ಇಬ್ಬರಿಗೂ ಉಣ್ಣಲು ಕೊಟ್ಟೆ.’

ಮುಂದೆ ಹಿಮದ ಲೆಕ್ಕವಿತ್ತು, ಅಷ್ಟೆ.

ಬಾಗಿಲ ಬಳಿ ನೆರಳಾಡಿತು. ಅತ್ತೆ ನಿಂತಿದ್ದರು. ಇಡೀ ದಾರಿ ನಡೆದು ಬಂದು ಏದುಸಿರು ಬಿಡುತ್ತಿದ್ದರು. ಕುರ್ಚಿಯ ಮೇಲಿನ ಹಲಗೆಯನ್ನು ಓದಿದರು. ಅಳಿಯನ ಕೆನ್ನೆಯ ಮೇಲೆ ಒಣಗಿದ್ದ ನೊರೆಯನ್ನೂ ನೋಡಿದರು. ಸೆರಗಿನ ಅಂಚಿನಿಂದ ಅದನ್ನು ಒರೆಸಿ, ಏನೂ ಕೇಳದೆ, ಬೆಳಗ್ಗೆ ಮರೆತುಬಂದಿದ್ದ ಊಟದ ಡಬ್ಬಿಯನ್ನು ಅವರ ಕೈಗಿಟ್ಟರು.