ಕೂದಲಲ್ಲಿ ಸಿಕ್ಕ ಮಾಂಸದೂಟ

ಶುಶ್ರೂಷಾ ಶಾಲೆಯ ವಿದ್ಯಾರ್ಥಿನಿ ನಿಲಯದ ನಿನ್ನೆಯವರೆಗಿನ ಮೇಲ್ವಿಚಾರಕರೂ, ಇಂದಿನಿಂದ ಸಮಸ್ತ ವಿದ್ಯಾರ್ಥಿನಿಲಯಗಳ ಪೌಷ್ಟಿಕಾಹಾರ ಸಲಹೆಗಾರರೂ ಆದ ತಮ್ಮ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೆ ಬಡ್ತಿ ಸಿಕ್ಕಿದ ಸುದ್ದಿ ಕಿವಿಗೆ ಬಿದ್ದಾಗ ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ಎದ್ದು ನಿಂತೇ ಕೈಮುಗಿದೆ. ತಮ್ಮ ನಿಲಯದ ಹುಡುಗಿಯೊಬ್ಬಳ ಸೋದರತ್ತೆ ನಾನು. ತಾಯಿಯಿಲ್ಲದ ಆ ಕೂಸನ್ನು ಸಾಕಿದವಳೂ ನಾನೇ. ತಮ್ಮಂಥವರಿಗೆ ಬಹಿರಂಗವಾಗಿ ಬರೆಯುವ ಧಾರ್ಷ್ಟ್ಯವನ್ನು ಮನ್ನಿಸಬೇಕು. ಇಷ್ಟು ದೊಡ್ಡ ಕೀರ್ತಿಯನ್ನು ಲಕೋಟೆಯೊಳಗೆ ತುರುಕಿ ಅಂಟು ಹಚ್ಚಲು ಮನಸ್ಸು ಬರಲಿಲ್ಲ.

ಅವಳನ್ನು ನಿಲಯಕ್ಕೆ ಸೇರಿಸಲು ನಾನು ಬಂದ ದಿನ ತಾವು ಬೆಳಿಗ್ಗೆ ಮೊಟ್ಟೆ, ರಾತ್ರಿ ಮಾಂಸ ಎಂದು ವಿವರಿಸಿದ ಠೀವಿಗೆ ಮರುಳಾಗಿ, ಹುಡುಗಿ ಎಲ್ಲಿ ಉಬ್ಬಿಹೋಗುವಳೋ ಎಂದು ಸಮವಸ್ತ್ರದ ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿದಿದ್ದೆ. ರಜೆಗೆ ಬಂದಾಗ ಅದನ್ನು ಬಿಚ್ಚುವ ಬದಲು ಇನ್ನಷ್ಟು ಹಿಡಿದು ಹೊಲಿಯಬೇಕಾಯಿತು. "ಏನೇ ಇದು, ಊಟ ಮಾಡ್ತಿಲ್ವಾ?" ಎಂದು ಕೇಳಿದರೆ, "ಬೆಳಿಗ್ಗೆ ಮೆಕ್ಕೆಜೋಳದ ಗಂಜಿ, ರಾತ್ರಿನೂ ಅದೇ ಅತ್ತೆ. ರಾತ್ರಿದು ಸ್ವಲ್ಪ ತೆಳ್ಳಗಿರುತ್ತೆ" ಎಂದಳು. ವಾರ್ಡಿನಲ್ಲಿ ರೋಗಿಗೆ ತಟ್ಟೆ ಒಯ್ಯುವಾಗ ಇವಳೇ ತಲೆಸುತ್ತಿ ಬಿದ್ದು, ಆ ರೋಗಿಯೇ ಮಂಚದಿಂದಿಳಿದು ಇವಳಿಗೆ ನೀರು ಕುಡಿಸಿದ ಸಂಗತಿಯನ್ನು ಮಾತ್ರ ಅವಳು ಹೇಳಲಿಲ್ಲ. ಗೆಳತಿಯ ಬಾಯಿಂದ ತಿಳಿಯಿತು.

ಹುಡುಗಿಯರೆಲ್ಲ ಸೇರಿ ದೂರು ಕೊಟ್ಟಾಗ ಬೇರೆಯವರಾಗಿದ್ದರೆ ಸಿಡಿಮಿಡಿಗೊಳ್ಳುತ್ತಿದ್ದರು. ತಾವು ವಿಜ್ಞಾನವನ್ನೇ ಕರೆಸಿದಿರಿ. ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು ಬಂದು ಒಬ್ಬೊಬ್ಬಳ ಹಿಂದಲೆಯಿಂದ ಬೆಂಕಿಕಡ್ಡಿಯ ದಪ್ಪದಷ್ಟು ಕೂದಲು ಕತ್ತರಿಸಿಕೊಂಡು ಹೋದರು. ಹುಡುಗಿಯರು ಅವರಿಗೆ 'ಕತ್ತರಿ ಅಕ್ಕ' ಎಂದು ಹೆಸರಿಟ್ಟರು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದಂತೆ. ಆ ತಿಂಗಳು ತಿಂದದ್ದರ ಗುರುತು ಐಸೊಟೋಪುಗಳ, ಅಂದರೆ ಒಂದೇ ಧಾತುವಿನ ಹಗುರ-ಭಾರದ ಪರಮಾಣುಗಳ, ರೂಪದಲ್ಲಿ ಅಲ್ಲೇ ಉಳಿದುಬಿಡುತ್ತದಂತೆ. ಮಾಂಸ ತಿನ್ನುವವರ ಕೂದಲಲ್ಲಿ ಭಾರದ ಸಾರಜನಕ ಹೆಚ್ಚಿರುತ್ತದಂತೆ. ನಮ್ಮ ಹುಡುಗಿಯರ ಕೂದಲಲ್ಲಿ ಅದು ತಿಂಗಳಿಂದ ತಿಂಗಳಿಗೆ ಏರುತ್ತಲೇ ಇತ್ತು.

ಆಮೇಲಿನ ತಮ್ಮ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ಕತ್ತರಿ ಅಕ್ಕನ ಮಾತು ಮುಗಿಯುವ ಮೊದಲೇ ಬಾಗಿಲ ಬಳಿ ನಿಲಯದ ಮಾಂಸದೂಟವನ್ನು ಸಾರುವ ಫಲಕ ಏರಿತು, ಗಣ್ಯರಿಗೆ ಕರೆ ಹೋಯಿತು, ಪೋಷಕರನ್ನೂ ಕರೆಸಿದಿರಿ, ಪಕ್ಕದ ಕೋಣೆಯಲ್ಲಿ ಅತಿಥಿಗಳಿಗೆ ಭರ್ಜರಿ ಊಟ ಸಿದ್ಧವಾಯಿತು. ದೂರಿಗೆ ಮೊದಲ ಸಹಿ ಹಾಕಿದವಳೆಂಬ ಕಾರಣಕ್ಕೆ ನಮ್ಮ ಹುಡುಗಿಯನ್ನೇ ವೇದಿಕೆಯಲ್ಲಿ ನಿಲ್ಲಿಸಿ, "ಬಾಯಿ ಸುಳ್ಳು ಹೇಳುತ್ತೆ, ಕೂದಲು ಹೇಳಲ್ಲ. ಇವಳು ಬೇಕಾದಷ್ಟು ಮಾಂಸ ತಿಂದಿದ್ದಾಳೆ" ಎಂದು ಸಾರಿದಿರಿ. ನನ್ನ ಪಕ್ಕದಲ್ಲಿದ್ದ ಅಣ್ಣ, ಅಂದರೆ ಅವಳ ಅಪ್ಪ, "ಎಲ್ಲರ ಮುಂದೆ ಮಾನ ಕಳೆದ್ಲು. ಇವತ್ತೇ ಮನೆಗೆ ಕರ್ಕೊಂಡು ಹೋಗ್ತೀನಿ, ಓದಿದ್ದು ಸಾಕು" ಎಂದು ತಲೆ ತಗ್ಗಿಸಿದ. ಅಪ್ಪ ತಲೆ ತಗ್ಗಿಸಿದ್ದನ್ನು ಅವಳು ನೋಡಿದಳು. ಅಳಲಿಲ್ಲ. ತುಟಿ ಕಚ್ಚಿಕೊಂಡು ನಿಂತಿದ್ದಳು.

ಆಗ ಹಿಂದಿನ ಸಾಲಿನಿಂದ ಕತ್ತರಿ ಅಕ್ಕ ಎದ್ದರು. "ಸರ್, ನೀವು ನನ್ನ ಮಾತು ಪೂರ್ತಿ ಕೇಳ್ಲಿಲ್ಲ. ಊಟ ಸಾಲದಿದ್ರೆ ದೇಹ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತೆ. ಆಗಲೂ ಕೂದಲಲ್ಲಿ ಈ ಸಾರಜನಕ ಏರುತ್ತೆ. ಮೆಕ್ಕೆಜೋಳ ಕೂದಲಿನ ಇಂಗಾಲದಲ್ಲಿ ತನ್ನದೇ ಗುರುತು ಬಿಡುತ್ತೆ, ಆ ಲೆಕ್ಕ ನೋಡಿದ್ರೆ ತಟ್ಟೆಯಲ್ಲಿ ಮೆಕ್ಕೆಜೋಳ ಬಿಟ್ಟು ಹೆಚ್ಚೇನೂ ಇದ್ದ ಹಾಗಿಲ್ಲ, ಎಲ್ಲರ ತೂಕವೂ ಇಳಿದಿದೆ. ಈ ಹುಡುಗಿ ತಿಂದಿರೋದು ತನ್ನನ್ನೇ."

ತಾವು ಎದೆಗುಂದದೆ, "ಒಟ್ಟಿನಲ್ಲಿ ಮಾಂಸ ತಾನೇ?" ಎಂದಿರಿ. ಆ ಸಮಯಸ್ಫೂರ್ತಿಗೆ ಬಡ್ತಿ ಕೊಡದಿದ್ದರೆ ಇಲಾಖೆಗೇ ಅವಮಾನ.

ನಮ್ಮ ಹುಡುಗಿ ವೇದಿಕೆಯಿಂದಿಳಿದು ನೆಟ್ಟಗೆ ಪಕ್ಕದ ಕೋಣೆಗೆ ಹೋಗಿ, ಅತಿಥಿಗಳಿಗೆಂದು ಇಟ್ಟಿದ್ದ ತಟ್ಟೆಯೊಂದನ್ನು ಎಳೆದುಕೊಂಡು ಕೂತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ಕೊನೆಗೆ ಇಡೀ ನಿಲಯ. ಅಣ್ಣ ಸೌಟು ಹಿಡಿದು ಮಗಳಿಗೆ ಬಡಿಸತೊಡಗಿದ. "ಸಾಕಪ್ಪಾ" ಎಂದರೂ ನಿಲ್ಲಿಸಲಿಲ್ಲ, ಅವಳ ಮುಖ ನೋಡುವ ಧೈರ್ಯವೂ ಅವನಿಗಿರಲಿಲ್ಲ. ಗಣ್ಯರು ಬಾಗಿಲಲ್ಲಿ ನಿಂತು ಪಾತ್ರೆಗಳ ತಳ ಕಾಣುವುದನ್ನು ನೋಡಿದರು. ಈಗ ಉಗ್ರಾಣದ ಬೀಗದಕೈ ಹುಡುಗಿಯರ ಕೈಯಲ್ಲಿದೆ, ಮೊಟ್ಟೆಯೂ ಬರುತ್ತಿದೆ, ಅವಳು ಅಲ್ಲೇ ಓದುತ್ತಿದ್ದಾಳೆ.

ಇಷ್ಟಾದ ಮೇಲೂ ಒಂದು ಬಿನ್ನಹ. ಈ ಹುಡುಗಿಯರನ್ನು ನಿಲಯದ ಅಧಿಕೃತ ಮಾಂಸ ಸರಬರಾಜುದಾರರೆಂದು ಘೋಷಿಸಿ ಒಂದೊಂದು ಶಾಲು ಹೊದಿಸಬೇಕು. ಇನ್ನು, ತಮ್ಮ ಈ ಪದ್ಧತಿಯನ್ನು ಉಳಿದ ನಿಲಯಗಳಿಗೆ ಹಬ್ಬಿಸುವ ಮುನ್ನ ದಯಮಾಡಿ ತಮ್ಮ ಮೇಲೇ ಪ್ರಯೋಗಿಸಿ ನೋಡಬೇಕು. ತಮ್ಮ ದೇಹದಲ್ಲಿರುವ ದಾಸ್ತಾನು ಕಂಡರೆ, ದೇವರ ದಯೆಯಿಂದ, ತಾವು ವರ್ಷವಿಡೀ ಮನೆಯೂಟವನ್ನೇ ಉಣ್ಣಬಹುದು.

ಉಂಡ ಹೊಟ್ಟೆಯಿಂದಲೇ ಇದನ್ನು ಬರೆದಿರುವ,
ತಮ್ಮ ವಿಶ್ವಾಸಿ,
ಒಬ್ಬ ಸೋದರತ್ತೆ

ತಾ.ಕ.: ತಾವೂ ನಿಲಯದ ಗಂಜಿಯನ್ನೇ ಕುಡಿಯುವುದಾಗಿ ಸಾಬೀತುಪಡಿಸಲು ಕಳುಹಿಸಿಕೊಟ್ಟ ಕೂದಲಿನ ಪರೀಕ್ಷೆ ಮುಗಿದಿದೆಯಂತೆ. ಅದರ ಒಡೆಯರು ಬಹುಕಾಲ ಸಮುದ್ರದ ಮೀನು ತಿಂದು ಬದುಕಿದವರಂತೆ. ನಮ್ಮೂರಿಂದ ಸಮುದ್ರ ಎಷ್ಟು ದೂರವೆಂದು ತಮಗೆ ಗೊತ್ತೇ ಇದೆ. ತಮ್ಮ ವಿಗ್ಗಿನ ಆ ಎಳೆಗಳನ್ನು ಹಿಂದಿರುಗಿಸಲಾಗುವುದು. ಮುಂದಿನ ಸಲ ತಮ್ಮದೇ ಕೂದಲು ಕಳುಹಿಸಬೇಕು, ಹುಬ್ಬಿನದಾದರೂ ಸರಿ ಎಂದು ಕತ್ತರಿ ಅಕ್ಕ ಹೇಳಿದ್ದಾರೆ.