ಕಾಕಾನ ಹಗುರ ಖುರ್ಪಿ

ನಮ್ಮ ಕಾಕಾ ನಿಧಿಗಳ್ಳರೆಂದು ಭಾಲ್ಕಿಯ ನಮ್ಮ ಗಲ್ಲಿಯ ಅರ್ಧ ಜನ ನಂಬಿದ್ದರು. ಉಳಿದರ್ಧ ಜನ ಅವರು ಬಾನಾಮತಿ, ಮಾಟ ಮಾಡುತ್ತಾರೆಂದು ನಂಬಿದ್ದರು. ನಾನು ಓದಿದವಳು, ಬೀದರಿನ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು, ಸಾಲದ್ದಕ್ಕೆ ಅವರ ಸ್ವಂತ ಅಣ್ಣನ ಮಗಳು. ಹಾಗಾಗಿ ಈ ಎರಡನ್ನೂ ನಂಬಲಿಲ್ಲ. ಮೂರನೆಯದೊಂದನ್ನು ನಂಬಿದೆ. ಅದು ಈ ಎರಡಕ್ಕಿಂತ ಕೆಟ್ಟದ್ದು!

ಇಷ್ಟಕ್ಕೆಲ್ಲ ಕಾರಣ ಒಂದು ಖುರ್ಪಿ. ಹೊಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕಳೆ ತೆಗೆಯುವ, ಅಂಗೈಯಗಲದ ಖುರ್ಪಿ. ಕಾಕಾಗೆ ಹೊಲವಿಲ್ಲ, ಹಿತ್ತಲೂ ಇಲ್ಲ. ಮನೆಯ ಮುಂದೆ ಒಂದು ತುಳಸಿ ಗಿಡವಿದೆ, ಅದರ ಬುಡದಲ್ಲಿ ಕಳೆ ಬೆಳೆಯುವ ಧೈರ್ಯ ಮಾಡಿಲ್ಲ. ಮತ್ತೇಕೆ ಖುರ್ಪಿ?

ಮೊದಲು ಅವರ ಸ್ವಭಾವ ಹೇಳಿಬಿಡುತ್ತೇನೆ. ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ, ಒಳಗೆ ಹತ್ತಿ, ಟಿಕೆಟ್ ಇಲ್ಲದವರನ್ನು ಹಿಡಿಯುವ ನೌಕರಿಯಲ್ಲಿ ಮೂವತ್ತು ವರ್ಷ ಕಳೆದವರು ಅವರು. ನೌಕರಿ ಮುಗಿಯಿತು, ತಪಾಸಣೆ ಮುಗಿಯಲಿಲ್ಲ. ಬಸ್ಸಿನ ಹಣೆಯ ಮೇಲೆ ಔರಾದ ಎಂದು ಎಷ್ಟೇ ದಪ್ಪ ಅಕ್ಷರದಲ್ಲಿ ಬರೆದಿರಲಿ, ಕಂಡಕ್ಟರನನ್ನು ಕೇಳುತ್ತಾರೆ, ಡ್ರೈವರನನ್ನು ಕೇಳುತ್ತಾರೆ, ಆಮೇಲೆ ಒಳಗೆ ಕುಳಿತ ಯಾವುದಾದರೂ ಮುದುಕಿಯನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. "ಬೋರ್ಡ ಅದ ಅಲ್ರಿ ಕಾಕಾ" ಎಂದರೆ, "ಬೋರ್ಡ ಹಾಕಿದವನೂ ಮನಶ್ಯಾನೇ ಅಲ್ಲೇನು?" ಎನ್ನುತ್ತಾರೆ. ಇದಕ್ಕೆ ಏನು ಉತ್ತರ ಕೊಡುತ್ತೀರಿ? ನೀರು ಕೊಟ್ಟರೆ ಲೋಟವನ್ನು ಬೆಳಕಿಗೆ ಹಿಡಿದು, ಒಮ್ಮೆ ತಿರುಗಿಸಿ, ಮೂಸಿ, "ಯಾವಾಗ ತುಂಬಿದ್ದು?" ಎಂದು ವಿಚಾರಿಸಿಯೇ ಕುಡಿಯುವುದು. ಮದುವೆಯ ಪಂಕ್ತಿಯಲ್ಲಿ ಪಕ್ಕದವರನ್ನು "ನೀವು ಯಾರ ಕಡಿಯವ್ರು?" ಎಂದು ಕೇಳುವ ಧಾಟಿಗೆ ಎಷ್ಟೋ ಜನ ಗಾಬರಿಯಿಂದ ಜೇಬು ತಡವಿಕೊಂಡಿದ್ದಾರೆ!

ಇಂಥವರನ್ನು ನಗುನಗುತ್ತಲೇ ನಿಭಾಯಿಸಿದ ಕಾಕು, ಅಂದರೆ ಅವರ ಹೆಂಡತಿ, ಪಾಂಡುರಂಗನ ಭಕ್ತೆ. ಎದುರು ಮನೆಯ ಅಜ್ಜಿ, ನಾವೆಲ್ಲ ಆಯಿ ಎನ್ನುವವರು, ಪ್ರತಿ ಆಷಾಢಕ್ಕೆ ಗಲ್ಲಿಯ ಹೆಂಗಸರನ್ನು ಕಟ್ಟಿಕೊಂಡು ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ದಿಂಡಿ ಹೊರಡಿಸುತ್ತಾರೆ. ಕಾಕು ಹೋದ ವರ್ಷ ಮೊದಲ ಸಲ ಹೋದರು. ನಾಲ್ಕನೆಯ ದಿನಕ್ಕೆ ಒಬ್ಬರೇ ಬಸ್ಸು ಹತ್ತಿ ವಾಪಸು ಬಂದರು. "ಮಣಕಾಲ ಹಿಡಕೊಂಡು ಬಿಟ್ಟಾವ" ಎಂದರು. ನನಗೆ ಆಗಲೇ ಅನುಮಾನ. ಮೊಣಕಾಲು ಹಿಡಿದುಕೊಂಡವರು ಮರುದಿನ ಮಾಳಿಗೆಯ ಏಣಿ ಹತ್ತಿ ಬಟ್ಟೆ ಒಣಗಿಸುತ್ತಾರೆಯೇ? ಆದರೆ ಕೇಳಲಿಲ್ಲ. ಕಾಕಾನೂ ಯಾರ ಮುಂದೆಯೂ ಏನೂ ಹೇಳಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಕಾಕು ಮತ್ತೆ ಹೆಸರು ಬರೆಸಿದರು. ಅದೇ ವಾರ ಕಾಕಾ ಭಾಲ್ಕಿಯ ಕಮ್ಮಾರನ ಮುಂದೆ ಹೋಗಿ ನಿಂತರು.

"ಹಗುರಾದ್ ಒಂದ ಖುರ್ಪಿ ಬೇಕ."

"ಎಷ್ಟ ಹೊಲಾ ಅದರಿ?"

"ಹೊಲಾ ಇಲ್ಲ. ಒಂದ ಗೇಣ ಆಳ ತಗ್ಗ ತೋಡಬೇಕ. ಬೆಳಕ ಹರಿಯೋದ್ರಾಗ ತೋಡಬೇಕ, ಮುಚ್ಚಬೇಕ, ಸಪ್ಪಳ ಆಗಬಾರದು. ಮುಂಜಾನಿ ನೋಡಿದವ್ರಿಗೆ ಗುರ್ತ ಸಿಗಬಾರದು."

ಕಮ್ಮಾರ ಸುತ್ತಿಗೆ ಕೆಳಗಿಟ್ಟನಂತೆ. "ಮಾಲಕರ, ಏನ ಹೂಳವ್ರಿದ್ದೀರಿ?" ಎಂದನಂತೆ. "ಅದ ನಿಂಗ್ಯಾಕ ಬೇಕ?" ಎಂದರಂತೆ ಕಾಕಾ. ಇಡೀ ಜೀವಮಾನ ಜನರನ್ನು ಸಂಶಯದಿಂದ ನೋಡಿದವರಿಗೆ ತಮ್ಮ ಮಾತು ಸಂಶಯ ಹುಟ್ಟಿಸುತ್ತದೆ ಎಂಬುದು ಮಾತ್ರ ತಿಳಿಯಲಿಲ್ಲ!

ಅವನು ಮಾಡಿಕೊಟ್ಟ ಖುರ್ಪಿ ಭಾರವಾಗಿತ್ತು. ಎಷ್ಟು ಭಾರ? ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಬೀದರಿಗೆ ಬಂದು ಬಂಗಾರದ ಅಂಗಡಿಯ ಸರಾಫನ ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ, ಮಣ್ಣು ಮೆತ್ತಿದ ಖುರ್ಪಿ ಇಟ್ಟು, "ಇದರ ತೂಕ ನೋಡ್ರಿ" ಎಂದರು. ಸರಾಫ ಒಳ್ಳೆಯವನು, ತೂಗಿಕೊಟ್ಟ. ಆದರೆ ಸಂಜೆಯೊಳಗೆ, "ಇವತ್ತ ಖುರ್ಪಿ ತೂಗಸ್ಯಾರ, ನಾಳಿ ಏನ ತೂಗಸ್ತಾರೋ!" ಎಂದು ಪರಿಚಯದವರಿಗೆಲ್ಲ ಹೇಳಿದ. ಬಹಮನಿ ಸುಲ್ತಾನರು ಆಳಿದ ಊರಿನಲ್ಲಿ ಕೈಯಲ್ಲಿ ಖುರ್ಪಿ ಹಿಡಿದವನು ಸರಾಫನ ಅಂಗಡಿಯಿಂದ ಹೊರಬಿದ್ದರೆ ಜನ ಏನು ತಿಳಿಯಬೇಕು, ನೀವೇ ಹೇಳಿ?

ನನಗೆ ಕನಿಕರ ಬಂತು. ಮೊಬೈಲಿನಲ್ಲಿ ಹುಡುಕಿದೆ. ಗುಡ್ಡಗಾಡಿನಲ್ಲಿ ದಿನಗಟ್ಟಲೆ ನಡೆಯುವವರಿಗಾಗಿಯೇ ಒಂದು ಹಗುರ ಖುರ್ಪಿ ಸಿಗುತ್ತದಂತೆ. ಯಾತಕ್ಕೆ ಎಂದು ಓದಿ ನಗು ತಡೆಯಲಾಗಲಿಲ್ಲ. "ಕಾಕಾ, ಗುಡ್ಡ ಹತ್ತೋರು ಬಯಲಕಡಿಗೆ ಹೋದಾಗ ತಗ್ಗ ತೋಡಿ ಮುಚ್ಚಲಾಕಂತ್ರಿ ಇದು! ಅದಕ್ಕೂ ಒಂದ ಹತಿಯಾರ!" ಎಂದು ಬಿದ್ದು ಬಿದ್ದು ನಕ್ಕೆ. ಕಾಕಾ ನಗಲಿಲ್ಲ.

"ನಗೂದೇನದ ಇದರಾಗ? ತರಸು."

ತರಿಸಿದೆ. ಪಾರ್ಸಲ್ ಕೈಗೆ ಬಂದೊಡನೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಖಾಲಿ ಅದ, ಮೋಸ ಹೋದಿ" ಎಂದರು. ಬಿಚ್ಚಿದರೆ ಖುರ್ಪಿ ಇತ್ತು. ಈಗ ಸಂಶಯ ಖುರ್ಪಿಯ ಮೇಲೆ! ನಮ್ಮ ಬೀದರಿನ ಕೆಂಪು ಮಣ್ಣಿಗೆ ಒತ್ತಿದರು. ಅದು ಮಣ್ಣಿಗಿಂತ ಹೆಚ್ಚು ಅಂಗೈಯನ್ನು ಕೊರೆಯಿತು. "ಇದು ಗುಡ್ಡ ಹತ್ತೋರ ಕೈಗೆ ನಡೀತದ. ಎಲ್ಲಾರ ಕೈ ಒಂದೇ ಇರ್ತಾವೇನು?" ಎಂದು ಅದನ್ನು ನನಗೇ ಹಿಂತಿರುಗಿಸಿದರು. ಯಾರ ಕೈ ಎಂದು ನಾನು ಆಗಲೇ ಕೇಳಬೇಕಿತ್ತು.

ಮುಂದೆ ಅಷ್ಟೂರಿನ ಹೊಲದವನೊಬ್ಬನ ಫೋನು. "ಟೀಚರ ಬಾಯಾರ, ನಿಮ್ಮ ಕಾಕಾ ನಮ್ಮ ಬದುವಿನ ಮ್ಯಾಲ ತಗ್ಗ ತೋಡೂದ್ರಾಗ ಸಿಕ್ಕಾರ. ಹಿಡದ ಕುಂದ್ರಸೀವಿ." ಅಷ್ಟೂರೆಂದರೆ ಸುಲ್ತಾನರ ಗುಂಬಜಗಳ ಊರು! ಬಿದ್ದೆನೋ ಎದ್ದೆನೋ ಎಂದು ಓಡಿದೆ. ಗುಂಬಜಗಳು ದೂರದಲ್ಲಿದ್ದವು, ಪುಣ್ಯ. ಕಾಕಾ ಬೇವಿನ ಗಿಡದ ಕೆಳಗೆ ಕುಳಿತು ಹೊಲದವನು ಕೊಟ್ಟ ನೀರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಮಣ್ಣ ನೋಡ್ಲಾಕ ಬಂದೇನಂತಾರ್ರಿ. ಭಾಲ್ಕ್ಯಾಗ ಮಣ್ಣಿಲ್ಲೇನ್ರಿ ಬಾಯಾರ?" ಎಂದ ಹೊಲದವನು.

"ಭಾಲ್ಕೀದು ಕರಿ ಮಣ್ಣ. ಖುರ್ಪಿಗೆ ಮೆತ್ತತದ. ಇಲ್ಲೀದು ಕೆಂಪ ಮಣ್ಣ. ಎರಡೂ ನೋಡಬೇಕಲ್ಲ?" ಎಂದರು ಕಾಕಾ, ಎಲ್ಲರಿಗೂ ಗೊತ್ತಿರಬೇಕಾದ ಮಾತೆಂಬಂತೆ. ವಿಜ್ಞಾನದ ಟೀಚರ್ ಎಂಬ ನನ್ನ ಹೆಸರಿನ ಮೇಲೆ, ಶಾಲೆಯ ಮಣ್ಣು ಪರೀಕ್ಷೆ ಎಂದು ಸುಳ್ಳು ಹೇಳಿ ಬಿಡಿಸಿಕೊಂಡು ಬಂದೆ.

ಇಲ್ಲಿಗೆ ನಿಂತಿದ್ದರೂ ನಡೆಯುತ್ತಿತ್ತು. ನಿಲ್ಲಲಿಲ್ಲ. ಒಂದು ಮುಂಜಾನೆ ಎದುರು ಮನೆಯ ಆಯಿ ತಮ್ಮ ಹಿತ್ತಲಲ್ಲಿ ನಾಯಿ ಕೆದರಿದ ತಗ್ಗು ನೋಡಿದರು. ಅದರಲ್ಲಿ ಜೋಳದ ಹಿಟ್ಟಿನ ಮುದ್ದೆ! ಪಕ್ಕದಲ್ಲಿ ಇನ್ನೊಂದು ತಗ್ಗು, ಇನ್ನೊಂದು ಮುದ್ದೆ! ಆಯಿ ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು. ಗಲ್ಲಿಯಲ್ಲಿ ಖುರ್ಪಿ ಹಿಡಿದು ಓಡಾಡುವವರು ಒಬ್ಬರೇ ಅಲ್ಲವೇ? ಕಾಕಾ ಅಲ್ಲಗಳೆಯಲೂ ಇಲ್ಲ. ಬಗ್ಗಿ ತಗ್ಗನ್ನು ನೋಡಿ, "ನಾಯಿ ಕೆದರೇದಲ್ಲ? ಹಂಗಾರ ಗೇಣ ಸಾಲೂದಿಲ್ಲ, ಇನ್ನ ನಾಕ ಬೆರಳ ಆಳ ಬೇಕ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಲ್ಲಿ ಕೂಡಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

ಅಂದಿನಿಂದ ಕಾಕುವಿನ ಕೈಯ ಚಹಾ ಯಾರೂ ಕುಡಿಯಲಿಲ್ಲ. ಭಜನೆಯಲ್ಲಿ ಅವರ ಪಕ್ಕದ ಜಾಗ ಖಾಲಿ ಉಳಿಯಿತು. ಕಡೆಗೆ ಆಯಿ ಬಾಗಿಲಲ್ಲೇ ನಿಂತು ಹೇಳಿಬಿಟ್ಟರು: "ಮನಿಯಾಗ ಹಂಥಾದ್ದ ನಡದಿರ್ಬೇಕಾದ್ರ ನಿನಗ ದಿಂಡಿಗೆ ಹ್ಯಾಂಗ ಕರಕೊಂಡ ಹೋಗ್ಲವ್ವಾ? ಬಾಕಿ ಹೆಣಮಕ್ಕಳು ಒಲ್ಲೆ ಅಂತಾರ." ಕಾಕು ಒಳಗೆ ಹೋದರು. ನನಗೆ ಕೆಂಡದಂಥ ಸಿಟ್ಟು ಬಂತು. ಆಯಿಯ ಮೇಲಲ್ಲ, ಕಾಕಾನ ಮೇಲೆ.

ಮುಂದಿನ ರವಿವಾರ ಕಾಕಾ ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ಮೂರು ಜನರನ್ನು ಕೇಳಿ ಔರಾದ ಬಸ್ಸು ಹತ್ತಿದ್ದನ್ನು ಕಂಡೆ. ತಲೆಯ ಮೇಲೆ ಸೆರಗು ಹೊದ್ದು ನಾನೂ ಹಿಂದಿನ ಬಾಗಿಲಿನಿಂದ ಹತ್ತಿದೆ. ಸಂಶಯ ನಮ್ಮ ಮನೆತನದ ರಕ್ತದಲ್ಲೇ ಇದೆ ನೋಡಿ! ಔರಾದದಲ್ಲಿ ಅವರು ಒಬ್ಬ ಮುದುಕ ಕಮ್ಮಾರನ ಕುಲುಮೆಗೆ ಹೋದರು. ನಾನು ಪಕ್ಕದ ಅಂಗಡಿಯ ಗೊಬ್ಬರದ ಚೀಲಗಳ ಮರೆಯಲ್ಲಿ ನಿಂತೆ. ಮುದುಕ ಬಡಿಗರು ಬಿಸಾಕಿದ ಹಳೆಯ ಗರಗಸದ ಪಟ್ಟಿಯನ್ನು ಕತ್ತರಿಸಿ, ತೆಳ್ಳಗಿನ ಖುರ್ಪಿ ಮಾಡಿದ್ದ. ಹಿಡಿಗೆ ಟೊಳ್ಳು ಬಿದಿರು.

"ಹಿಡಿ ಎಷ್ಟ ದಪ್ಪ ಇರ್ಲಿ? ಯಾರ ಕೈಗ್ರಿ?" ಎಂದ.

ಕಾಕಾ ಆಚೀಚೆ ನೋಡಿದರು. ಆಮೇಲೆ ಅಂಗಿಯ ಒಳಜೇಬಿನಿಂದ, ಕರವಸ್ತ್ರದಲ್ಲಿ ಸುತ್ತಿದ ಒಂದು ಹಸಿರು ಗಾಜಿನ ಬಳೆ ತೆಗೆದರು. "ಈ ಬಳಿ ಹೋಗೂವಂಥಾ ಕೈ. ಸಣ್ಣ ಕೈ" ಎಂದರು.

ಬಳೆ! ಹೆಂಗಸಿನ ಬಳೆ! ಅದೂ ಒಳಜೇಬಿನಲ್ಲಿ! ನಾನು ನಂಬಿದ ಮೂರನೆಯದು ಇದೇ. ನಿಧಿಯಲ್ಲ, ಬಾನಾಮತಿಯಲ್ಲ, ಈ ವಯಸ್ಸಿನಲ್ಲಿ ಔರಾದದಲ್ಲೊಂದು ಸಣ್ಣ ಕೈ! ಸಿಕ್ಕ ಬಸ್ಸು ಹಿಡಿದು, ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಭಾಲ್ಕಿಗೆ ಬಂದೆ. ಕಾಕು ನೆಲದ ಮೇಲೆ ಕುಳಿತು ಟ್ರಂಕಿನಲ್ಲಿದ್ದುದನ್ನೆಲ್ಲ ಹರವಿದ್ದರು.

"ಏನ ಹುಡಕ್ಲಿಕತ್ತೀರಿ ಕಾಕು?"

"ನನ್ನ ಒಂದ ಹಸರ ಬಳಿ ಕಾಣವಲ್ದು ನೋಡವ್ವಾ. ವಾರಾತು. ಇಟ್ಟ ಜಾಗಾದಾಗಿಂದ ಮಾಯ ಆಗ್ಯಾದ."

ನಾನು ಹಲ್ಲು ಕಡಿದುಕೊಂಡು ಬಂದದ್ದೆಲ್ಲ ವ್ಯರ್ಥವಾಯಿತು. ಅವರ ಪಕ್ಕದಲ್ಲಿ ಕುಳಿತು ಕಂಡದ್ದನ್ನು ಹೇಳಿದೆ. ಗರಗಸದ ಖುರ್ಪಿ, ಟೊಳ್ಳು ಬಿದಿರು, ಕರವಸ್ತ್ರದಲ್ಲಿ ಬಳೆ. ಕಾಕು ಮೊದಲು ನಕ್ಕರು. ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಹೋದ ವರ್ಷ ಮಣಕಾಲ ನೂಸಿದ್ದಿಲ್ಲವ್ವಾ. ಎರಡನೇ ದಿನಾ ಮುಂಜಾನಿ ಕತ್ತಲದಾಗ ಒಬ್ಬರ ಹೊಲದ ಬದುವಿಗೆ ಹೋಗಿದ್ದೆ. ಹೊಲದವ ಬಂದು ಒದರಿದ. ದೇವರ ಹೆಸರ ಹೇಳಿ ನಮ್ಮ ಹೊಲಾ ಹೊಲಸ ಮಾಡ್ತೀರಿ ಅಂದ. ಅವ ಅಂದಿದ್ದೇನ ಸುಳ್ಳೇನು? ನಂಗ ಸತ್ತಂಗಾತು. ಮತ್ತ ಬಯಲಕಡಿ ಹೋಗೂದೇ ಬ್ಯಾಡಂತ ನೀರ ಕುಡಿಯೂದು ಬಿಟ್ಟೆ. ಮರದಿನ ಚಕ್ಕರ ಬಂದು ರಸ್ತಾದಾಗ ಬಿದ್ದೆ. ಇವರಿಗೊಬ್ಬರಿಗೇ ಹೇಳೀನಿ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ದೆ."

ಯಾರಿಗೂ ಹೇಳಲಿಲ್ಲ ಕಾಕಾ. ನಿಧಿಗಳ್ಳ ಎಂದಾಗಲೂ ಹೇಳಲಿಲ್ಲ. ಅಷ್ಟೂರಿನ ಬದುವಿನಲ್ಲಿ ಕಳ್ಳನ ಹಾಗೆ ಕುಳಿತಾಗಲೂ ಹೇಳಲಿಲ್ಲ. ಹಿಟ್ಟಿನ ಮುದ್ದೆ ಹೂಳಿ, ನಾಯಿ ಕೆದರದಂತೆ ಮುಚ್ಚಲು ಎಷ್ಟು ಆಳ ಬೇಕೆಂದು ನೋಡುತ್ತಿದ್ದ ಆ ಮನುಷ್ಯನನ್ನು ನಾನೂ ಏನೆಂದು ತಿಳಿದಿದ್ದೆ! ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಸಂಜೆ ಕಾಕಾ ಬಂದರು. ನನ್ನನ್ನು ನೋಡಿ, "ಹಿಂದಿನ ಸೀಟಿನ್ಯಾಗ ಸೆರಗ ಹೊದ್ದ ಕುಂತಿದ್ದಿ. ಟಿಕೆಟ ತಗೊಂಡಿದ್ದಿಲ್ಲೋ?" ಎಂದರು. ಮೂವತ್ತು ವರ್ಷದ ಕಣ್ಣು! "ಯಾರಿಗರ ಒಬ್ಬರಿಗೆ ಹೇಳಬಾರದಿತ್ತೇನ್ರಿ ಕಾಕಾ?" ಎಂದೆ. "ಹೇಳಿದ್ರ ಆಕೀ ಹೆಸರ ಬರ್ತಿತ್ತಲ್ಲ" ಎಂದು ಖುರ್ಪಿಯನ್ನು ಕಾಕುವಿನ ಬಟ್ಟೆಯ ಚೀಲಕ್ಕೆ ಸೇರಿಸಿ, ಚೀಲ ಎತ್ತಿ ನೋಡಿದರು. ಇನ್ನೂ ಭಾರವೆನಿಸಿರಬೇಕು, ಒಂದು ಟವೆಲ್ ತೆಗೆದು ಹೊರಗಿಟ್ಟರು.

ಕಾಕು ಆ ಚೀಲದಿಂದ ಖುರ್ಪಿಯನ್ನು ತೆಗೆದುಕೊಂಡು ನೆಟ್ಟಗೆ ಎದುರು ಮನೆಗೆ ನಡೆದರು. ನಾನು ಹಿಂದೆ ಓಡಿದೆ. ಭಜನೆ ನಡೆದಿತ್ತು. ಹೆಂಗಸರ ನಡುವೆ ಖುರ್ಪಿ ಇಟ್ಟು, ಹೊಲದವನು ಒದರಿದ್ದರಿಂದ ಹಿಟ್ಟಿನ ಮುದ್ದೆಯವರೆಗೆ ಎಲ್ಲವನ್ನೂ ಹೇಳಿದರು. ಯಾರಿಗೂ ಹೇಳಬೇಡಿ ಎಂದು ಗಂಡನ ಬಾಯಿ ಕಟ್ಟಿದವರು, ಗಂಡನ ಹೆಸರಿಗಾಗಿ ತಾವೇ ಬಾಯಿ ಬಿಟ್ಟರು. ಆಯಿ ಖುರ್ಪಿಯನ್ನು ಎತ್ತಿ ಅಂಗೈಯಲ್ಲಿ ಹಿಡಿದು ನೋಡಿದರು.

"ಹನ್ನೊಂದ ವರ್ಷಾತು, ದಾರ್ಯಾಗ ನಾನೂ ಹೊಟ್ಟಿ ತುಂಬ ನೀರ ಕುಡದಿಲ್ಲವ್ವಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇಂಥಾದ್ದು ಎಲ್ಲಿ ಸಿಗ್ತದ?" ಎಂದರು.

ಮರುದಿನ ಏಳು ಹೆಂಗಸರು ಕಾಕಾನ ಬಾಗಿಲಿಗೆ ಏಳು ಬಳೆ ತಂದರು. ಕಾಕಾಗೆ ಸಂಶಯ. "ನಿನ್ನೀ ತನಾ ನನ್ನ ನೋಡಿ ಓಡ್ತಿದ್ರು. ಇವತ್ತ ಎಲ್ಲಾರೂ ಬಳಿ ಕೊಡ್ಲಿಕತ್ತಾರ. ಇದರಾಗ ಏನೋ ಅದ ಮಗಳ" ಎನ್ನುತ್ತಲೇ ಔರಾದ ಬಸ್ಸು ಹಿಡಿದರು, ಮೂರು ಜನರನ್ನು ಕೇಳಿ.

ದಿಂಡಿ ಹೊರಟ ಮುಂಜಾನೆ ಕಾಕು ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತರು. ಕಾಕಾ ಒಳಗಿನಿಂದ ಒಂದು ದೊಡ್ಡ ಲೋಟ ನೀರು ತಂದುಕೊಟ್ಟರು. ಬೆಳಕಿಗೆ ಹಿಡಿಯಲಿಲ್ಲ, ಮೂಸಲಿಲ್ಲ. ಕಾಕು ಅವರನ್ನೇ ನೋಡುತ್ತ ಒಂದೇ ಉಸಿರಿಗೆ ಕುಡಿದು ಖಾಲಿ ಲೋಟ ಮುಂದೆ ಚಾಚಿದರು.

"ಇನ್ನೊಂದ ಲೋಟ ಕೊಡ್ರಿ" ಎಂದರು.